ಫೋಟೊದಲ್ಲಿ ಕೂತ ಅಪು, ಜೋಕಾದ ನಮ್ಮ ಮಾತು

ಅಮೆರಿಕದ ‘ದಿ ಸಿಂಪ್ಸನ್ಸ್’ ಹಾಸ್ಯ ಕಾರ್ಟೂನು 1989ರ ಡಿಸೆಂಬರಿನಿಂದ ಓಡುತ್ತಿದೆ. ಇಷ್ಟು ವರ್ಷ ಓಡಿದ ಸರಣಿಯಲ್ಲಿ ಸಪ್ಪೆ ಕಂತುಗಳು ಇದ್ದೇ ಇರುತ್ತವೆ, ನೋಡುಗರು ಅವನ್ನು ಮರೆತೂ ಬಿಡುತ್ತಾರೆ. ಆದರೆ 2018ರ ಏಪ್ರಿಲ್ 8ರಂದು ಪ್ರಸಾರವಾದ ‘ನೋ ಗುಡ್ ರೀಡ್ ಗೋಸ್ ಅನ್‌ಪನಿಶ್ಡ್’ ಎಂಬ ಕಂತಿನ ಮೇಲಿನ ಮುನಿಸು ಇನ್ನೂ ಆರಿಲ್ಲ. ಅದನ್ನು ಇಂದು ಮತ್ತೊಮ್ಮೆ ನೋಡುವುದರಿಂದ ಕನ್ನಡಿಗರಿಗೆ, ಅದರಲ್ಲೂ ಮಹಾಲಿಂಗಪುರ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರಿಗೆ ಲಾಭವಿದೆ. ಇನ್ನೊಬ್ಬರ ಮಾತಿನ ಧಾಟಿಯನ್ನೇ ಜೋಕು ಮಾಡಿಕೊಂಡವರು, ‘ಯಾಕ್ರಿ ಹಿಂಗ’ ಎಂದು ಯಾರಾದರೂ ಕೇಳಿದಾಗ ಹೇಗೆ ಜಾರಿಕೊಳ್ಳುತ್ತಾರೆ ಎಂಬುದು ಅದರಲ್ಲಿ ಚೊಕ್ಕಾಗಿ ಕಾಣುತ್ತದೆ.

ಜಗಳದ ಮೂಲ ಅಪು ಎಂಬ ಪಾತ್ರ. ಸ್ಪ್ರಿಂಗ್‌ಫೀಲ್ಡ್ ಎಂಬ ಕಲ್ಪಿತ ಊರಿನಲ್ಲಿ ಕಿರಾಣಿ ಅಂಗಡಿ ನಡೆಸುವ ಭಾರತೀಯ. 1990ರಲ್ಲಿ ಮೊದಲು ಕಾಣಿಸಿಕೊಂಡ ಅವನಿಗೆ ನಹಸಪೀಮಪೆಟಿಲನ್ ಎಂಬ, ಭಾರತದ ಯಾವ ಮೂಲೆಯಲ್ಲೂ ಇಲ್ಲದ ಅಡ್ಡಹೆಸರು. ದನಿ ಕೊಟ್ಟವರು ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ನಟ. 1968ರ ‘ದಿ ಪಾರ್ಟಿ’ ಚಿತ್ರದಲ್ಲಿ ಪೀಟರ್ ಸೆಲ್ಲರ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಭಾರತೀಯನಾಗಿ ಆಡಿದ ಮಾತೇ ತಮಗೆ ಮಾದರಿಯಾಗಿತ್ತೆಂದು ಅವರೇ ಹೇಳಿದ್ದಾರೆ. ಅಂದರೆ ಅಪುವಿನ ನಾಲಿಗೆ ಭಾರತದಿಂದ ಹೋದದ್ದೇ ಅಲ್ಲ. ಒಬ್ಬ ನಕಲುಗಾರನಿಂದ ಇನ್ನೊಬ್ಬ ನಕಲುಗಾರನಿಗೆ ದಾಟಿದ್ದು. 1997ರ ಒಂದು ಕಂತಿನಲ್ಲಂತೂ ಅಪುವಿನ ಮದುವೆ ತಪ್ಪಿಸಲು ಕಥಾನಾಯಕ ಹೋಮರ್ ಗಣಪತಿಯ ವೇಷ ಹಾಕಿಕೊಂಡು ನುಗ್ಗುತ್ತಾನೆ. 2017ರ ನವೆಂಬರಿನಲ್ಲಿ ನ್ಯೂಯಾರ್ಕಿನ ತೆಲುಗು ಮೂಲದ ಹಾಸ್ಯಗಾರ ಹರಿ ಕೊಂಡಬೋಲು ‘ದಿ ಪ್ರಾಬ್ಲಮ್ ವಿತ್ ಅಪು’ ಸಾಕ್ಷ್ಯಚಿತ್ರ ತೆಗೆದು ಒಂದು ಸರಳ ಪ್ರಶ್ನೆ ಎತ್ತಿದರು: ಅಮೆರಿಕದ ಟಿ.ವಿ.ಯಲ್ಲಿ ನಮ್ಮವರೇ ಕಾಣದಿದ್ದ ಕಾಲದಲ್ಲಿ ಈ ಒಬ್ಬನ ಸುಳ್ಳು ದನಿ ನಮ್ಮೆಲ್ಲರ ದನಿಯಾಗಿ, ಶಾಲೆಯ ಅಂಗಳದಲ್ಲಿ ನಮ್ಮ ಮಕ್ಕಳನ್ನು ಅಣಕಿಸುವ ಆಯುಧವಾಯಿತಲ್ಲ, ಅದಕ್ಕೇನಂತೀರಿ?

ಐದು ತಿಂಗಳ ನಂತರ ಸಿಂಪ್ಸನ್ಸ್ ಬರಹಗಾರರು ಕೊಟ್ಟ ಉತ್ತರವೇ ಆ ಕಂತು. ತಾಯಿ ಮಾರ್ಜ್ ತನ್ನ ಬಾಲ್ಯದ ಮೆಚ್ಚಿನ ಪುಸ್ತಕವೊಂದನ್ನು ಮಗಳು ಲೀಸಾಗೆ ಓದಿ ಹೇಳಲು ಹೊರಡುತ್ತಾಳೆ. ಪುಟಪುಟದಲ್ಲೂ ಜನಾಂಗೀಯ ಹೀಯಾಳಿಕೆ! ಗಾಬರಿಯಾಗಿ ಎಲ್ಲವನ್ನೂ ಕತ್ತರಿಸಿ, ತಿದ್ದಿ, ನೀಟು ಮಾಡಿ ಓದಿದರೆ ಕತೆಯ ಜೀವವೇ ಹೋಗಿರುತ್ತದೆ. ಇಲ್ಲಿಯವರೆಗೆ ಹಾಸ್ಯ ಚುರುಕಾಗಿದೆ, ಒಪ್ಪಬೇಕು. ಹಳೆಯ ಕೃತಿಗಳನ್ನು ತೊಳೆದು ಒಣಗಿಸಿ ಮಡಿ ಮಾಡುವ ಗೀಳು ನಗೆಪಾಟಲಿಗೆ ಯೋಗ್ಯವಾದದ್ದೇ. ಆಮೇಲೆ ಲೀಸಾ ಸೀದಾ ನೋಡುಗರತ್ತ ತಿರುಗಿ, ದಶಕಗಳ ಹಿಂದೆ ಎಲ್ಲರೂ ಮೆಚ್ಚಿದ್ದು ಇಂದು ತಪ್ಪೆನಿಸಿದರೆ ಮಾಡುವುದೇನು ಎಂಬಂತೆ ಕೈಚೆಲ್ಲುತ್ತಾಳೆ. ಕ್ಯಾಮೆರಾ ಹಾಸಿಗೆಯ ಪಕ್ಕದಲ್ಲಿಟ್ಟ ಅಪುವಿನ ಫೋಟೊದ ಮೇಲೆ ನಿಲ್ಲುತ್ತದೆ. ಕೆಲವನ್ನು ಮುಂದೆ ನೋಡಿಕೊಳ್ಳೋಣ ಎಂದು ಮಾರ್ಜ್, ನೋಡಿಕೊಂಡರೆ ಎಂದು ಲೀಸಾ. ಅಲ್ಲಿಗೆ ಮುಗಿಯಿತು.

ಜಾರಿಕೆ ಎಲ್ಲಿದೆ ನೋಡಿ. ಹಳೆಯ ಕಂತುಗಳನ್ನು ಕತ್ತರಿಸಿ ಎಂದು ಕೊಂಡಬೋಲು ಕೇಳಿರಲಿಲ್ಲ. ಪುಸ್ತಕ ಅಚ್ಚಾಗಿ ಮುಗಿದ ವಸ್ತು, ಅದರ ಲೇಖಕಿ ತೀರಿಹೋಗಿರಬಹುದು. ಅಪು ಹಾಗಲ್ಲ, ವಾರವಾರವೂ ಹೊಸದಾಗಿ ಬರೆಯುತ್ತಿದ್ದ ಪಾತ್ರ ಅದು. ಮುಂದಿನ ವಾರ ಅವನನ್ನು ಬೇರೆ ರೀತಿ ಬರೆಯಲು ಯಾರ ಅಡ್ಡಿಯೂ ಇರಲಿಲ್ಲ. ಬರಹಗಾರರು ತಮಗೆ ಕೇಳಿದ ಪ್ರಶ್ನೆಯನ್ನು ಬದಿಗಿಟ್ಟು, ತಮಗೆ ಅನುಕೂಲವಾದ ಇನ್ನೊಂದು ಪ್ರಶ್ನೆಯನ್ನು ತಾವೇ ಹುಟ್ಟಿಸಿಕೊಂಡು ಅದಕ್ಕೆ ಉತ್ತರ ಕೊಟ್ಟರು. ಅದನ್ನೂ ಆಡಿಸಿದ್ದು ಯಾರ ಬಾಯಿಂದ? ದುರ್ಬಲರ ಪರ ಮೊದಲು ಎದ್ದು ನಿಲ್ಲುವ ಹುಡುಗಿಯೆಂದು ಮೂರು ದಶಕ ಕಟ್ಟಿಕೊಂಡು ಬಂದ ಲೀಸಾಳ ಬಾಯಿಂದ. ಇನ್ನು ಅಪು? ತನ್ನ ಬಗ್ಗೆಯೇ ನಡೆದ ಮಾತಿನಲ್ಲಿ ಅವನಿಗೆ ಒಂದು ಶಬ್ದವೂ ಇಲ್ಲ. ಚೌಕಟ್ಟಿನೊಳಗೆ ನಗುತ್ತ ಕೂತಿದ್ದಾನೆ.

ಈ ಜಾಣತನ ಕನ್ನಡದ ತೆರೆಗೂ ಹೊಸದಲ್ಲ. ನಮ್ಮ ಸಿನಿಮಾ, ಧಾರಾವಾಹಿ, ಕಾಮಿಡಿ ಷೋಗಳಲ್ಲಿ ನಾಯಕ, ಡಾಕ್ಟರು, ವಕೀಲ, ಪೊಲೀಸ್ ಅಧಿಕಾರಿ ಎಲ್ಲರೂ ಬಹುಪಾಲು ಬೆಂಗಳೂರು-ಮೈಸೂರಿನ ಕನ್ನಡ ಆಡುತ್ತಾರೆ. ಉತ್ತರ ಕರ್ನಾಟಕದ ಮಾತು ಬರುವುದು ವಾಚ್‌ಮನ್, ಅಡುಗೆಯವ, ಪೆದ್ದ ನೆಂಟ, ಮೀಸೆ ತಿರುವುವ ರೌಡಿ ಬಂದಾಗ. ಅದೂ ಯಾವ ಊರಿನ ಮಾತು? ಧಾರವಾಡದ ‘ಮಾಡ್ಲಿಕತ್ತೇನಿ’, ಜಮಖಂಡಿ ಕಡೆಯ ‘ಮಾಡಾಕತ್ತೀನಿ’ ಎರಡನ್ನೂ ಒಂದೇ ಬಾಯಲ್ಲಿ ಕಲಸಿ, ವಾಕ್ಯಕ್ಕೊಂದು ‘ಲೇ’ ಸೇರಿಸಿ, ಕೈಯಲ್ಲೊಂದು ಜೋಳದ ರೊಟ್ಟಿ ಕೊಟ್ಟರೆ ಪಾತ್ರ ಸಿದ್ಧ. ಅಪುವಿನ ಅಡ್ಡಹೆಸರಿನಂತೆ ಈ ಮಾತಿಗೂ ನೆಲವಿಲ್ಲ. ಆಕ್ಷೇಪಿಸಿದರೆ ಸಿಗುವ ಉತ್ತರ ಗೊತ್ತೇ ಇದೆ: ಹಾಗಾದರೆ ನಗುವುದನ್ನೇ ಬಿಡಬೇಕಾ? ನಗಬೇಡಿ ಎಂದು ಯಾರೂ ಹೇಳಿರುವುದಿಲ್ಲ. ಮುಧೋಳ ರನ್ನನ ನಾಡು, ಪಟ್ಟದಕಲ್ಲು ಕವಿರಾಜಮಾರ್ಗವೇ ಹೆಸರಿಸಿದ ಕನ್ನಡದ ತಿರುಳಿನ ಸೀಮೆ ಎಂದು ನಮ್ಮವರು ಎದೆ ತಟ್ಟಿ ವಾದಿಸುವುದುಂಟು. ನಿಜವೇ, ಆದರೆ ಅದು ಇಲ್ಲಿ ಬೇಕಾದ ವಾದವಲ್ಲ. ರನ್ನ ಹುಟ್ಟದಿದ್ದರೂ ಈ ಮಾತಿಗೆ ಮರ್ಯಾದೆ ಇರಬೇಕಿತ್ತು. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ದರ, ರಬಕವಿಯಲ್ಲಿ ಮಗ್ಗದ ಕೂಲಿ, ಕಾರ್ಖಾನೆಯ ಮುಂದೆ ಕಬ್ಬಿನ ಬಾಕಿ, ಕೋರ್ಟಿನ ಕಟ್ಟೆಯ ಮೇಲೆ ಹೊಲದ ವ್ಯಾಜ್ಯ ಎಲ್ಲ ಇದೇ ಮಾತಿನಲ್ಲಿ ತೀರ್ಮಾನವಾಗುತ್ತವೆ. ಜಾಣನೂ ಪೆದ್ದನೂ ಆಡುವುದು ಇದನ್ನೇ.

ಸಿಂಪ್ಸನ್ಸ್ ಪರವಾಗಿ ಹೇಳುವ ಮಾತುಗಳಲ್ಲಿ ಹುರುಳಿಲ್ಲದೆ ಇಲ್ಲ. ಅದು ಎಲ್ಲರನ್ನೂ ಗೇಲಿ ಮಾಡುತ್ತದೆ. ಸ್ಕಾಟ್ಲೆಂಡಿನ ವಿಲ್ಲಿ, ಇಟಲಿಯ ಲುಯಿಜಿ, ಎಲ್ಲಕ್ಕಿಂತ ಹೆಚ್ಚಾಗಿ ಅಮೆರಿಕನ್ ಹೋಮರ್. ಸರಿ, ಆದರೆ ಬಿಳಿಯ ಅಮೆರಿಕನ್ನನಿಗೆ ಹೋಮರ್ ಅಲ್ಲದೆ ತೆರೆಯ ಮೇಲೆ ಸಾವಿರ ಮುಖಗಳಿದ್ದವು, 1990ರ ಭಾರತೀಯನಿಗೆ ಹೆಚ್ಚುಕಡಿಮೆ ಒಂದೇ. ಅಪು ಒಳ್ಳೆಯವ, ದುಡಿಮೆಗಾರ, ಓದಿದವ ಎಂಬುದೂ ನಿಜ. 1996ರ ‘ಮಚ್ ಅಪು ಅಬೌಟ್ ನಥಿಂಗ್’ ಕಂತಿನಲ್ಲಿ, ವಲಸಿಗರನ್ನು ಊರಿನಿಂದ ಓಡಿಸಲು ಹೊರಟ ಗುಂಪಿನ ನಡುವೆ ಅವನು ಅಮೆರಿಕನ್ನನಂತೆ ನಟಿಸುತ್ತಾನೆ, ಕೊನೆಗೆ ನಾಚಿಕೆಪಟ್ಟು ಅದನ್ನು ಬಿಡುತ್ತಾನೆ. ಆ ಕಂತು ಇಂದಿಗೂ ಗಟ್ಟಿ. ಆದರೆ ಅದು 2018ರ ಕಂತಿನ ತಪ್ಪನ್ನು ದೊಡ್ಡದು ಮಾಡುತ್ತದೆಯೇ ಹೊರತು ಚಿಕ್ಕದಲ್ಲ. ಇಂಥದ್ದು ಬರೆಯಬಲ್ಲವರಿಗೆ ಬರಲ್ಲ ಎನ್ನುವ ನೆಪವಿಲ್ಲ. ಇನ್ನು, ಭಾರತದಲ್ಲಿರುವ ನಮಗೆ ಅಪು ನೋಡಿ ನೋವಾಗಿಲ್ಲವಲ್ಲ ಎನ್ನುವವರಿಗೆ: ಇಲ್ಲಿ ನಾವೇ ಬಹುಸಂಖ್ಯಾತರು, ನಮಗೇಕೆ ನೋವಾದೀತು? ಏಟು ಬೀಳುವುದು ನ್ಯೂಜೆರ್ಸಿಯ ಶಾಲೆಯಲ್ಲಿ ಒಬ್ಬನೇ ಕೂತ ಹುಡುಗನಿಗೆ. ಟಿ.ವಿ.ಯ ‘ಲೇ’ ಜೋಕಿಗೆ ಮಹಾಲಿಂಗಪುರದ ಮನೆಮಂದಿ ನಕ್ಕಾರು; ಅದರ ಬಾಕಿ ತೀರಿಸುವುದು ಬೆಂಗಳೂರಿನ ಸಂದರ್ಶನದಲ್ಲಿ ಬಾಯಿ ತೆರೆಯಲು ಅಂಜುವ ಅದೇ ಮನೆಯ ಮಗಳು.

ಗಂಗಾವತಿ ಪ್ರಾಣೇಶ್ ಅವರೂ ಇದೇ ಮಾತಿನಲ್ಲಿ ನಗಿಸುತ್ತಾರಲ್ಲ ಎಂಬ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು. ಅದಕ್ಕೊಂದು ಪರೀಕ್ಷೆ ಇದೆ: ಧಾಟಿ ತೆಗೆದು ಹೇಳಿದರೂ ಜೋಕು ಉಳಿಯುತ್ತದೆಯೇ? ಪ್ರಾಣೇಶರದು ಉಳಿಯುತ್ತದೆ, ಏಕೆಂದರೆ ಅವರ ಗುರಿ ಮನುಷ್ಯನ ಠೇಂಕಾರ, ಜಿಪುಣತನ, ಸಣ್ಣಬುದ್ಧಿ. ಕುಲಗೋಡು ತಮ್ಮಣ್ಣನ ಹೆಸರಿನೊಂದಿಗೆ ಬೆಳೆದ, ಕೌಜಲಗಿ ನಿಂಗಮ್ಮನಂಥವರು ಊರೂರಿಗೆ ಒಯ್ದ ನಮ್ಮ ಕೃಷ್ಣ ಪಾರಿಜಾತ ಬಯಲಾಟವನ್ನೂ ನೋಡಿ. ಅಲ್ಲಿ ನಗೆಗೆ ಸಿಕ್ಕಿಬೀಳುವುದು ರಾಣಿ ಸತ್ಯಭಾಮೆಯ ಸೊಕ್ಕು. ನಗಿಸುವವರು ಆಡುವುದು ನೋಡುಗರದೇ ಮಾತು, ಅದರ ಬಗ್ಗೆ ಯಾರಿಗೂ ಕೀಳೆನಿಸುವುದಿಲ್ಲ. ತೆರೆಯ ಮೇಲೂ 1990ರ ‘ಸಂತ ಶಿಶುನಾಳ ಶರೀಫ’, 1997ರ ‘ನಾಗಮಂಡಲ’ ಚಿತ್ರಗಳಲ್ಲಿ ನಿರ್ದೇಶಕ ನಾಗಾಭರಣ ಈ ಮಾತಿಗೆ ಭಕ್ತಿ, ಪ್ರೇಮ, ಸಂಕಟ ಎಲ್ಲವನ್ನೂ ಹೊರುವ ಶಕ್ತಿ ಇದೆಯೆಂದು ತೋರಿಸಿದರು. ಆ ದಾರಿಯಲ್ಲಿ ನಡೆದವರು ಕಡಿಮೆ.

ಅಪುವಿನ ಮುಂದಿನ ಕತೆ ಸಮಾಧಾನದ್ದಲ್ಲ. 2020ರ ಜನವರಿಯಲ್ಲಿ ಅಜಾರಿಯಾ ಆ ಪಾತ್ರಕ್ಕೆ ದನಿ ಕೊಡುವುದನ್ನು ಬಿಟ್ಟರು, 2021ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಕಪ್ಪು ವರ್ಣೀಯರಾದ ಕಾರ್ಲ್ ಮತ್ತು ಡಾ. ಹಿಬರ್ಟ್ ಪಾತ್ರಗಳಿಗೆ ಕಪ್ಪು ವರ್ಣೀಯ ನಟರ ದನಿ ಬಂತು. ಅಪುವಿಗೆ ಬರಲಿಲ್ಲ, ಗುಂಪಿನ ದೃಶ್ಯಗಳಲ್ಲಿ ಅವನೊಬ್ಬ ಮೂಕ. ಕೊಂಡಬೋಲು ಬೇಡಿದ್ದು ಇದನ್ನಲ್ಲ. ನಮ್ಮ ವಾಹಿನಿಗಳೂ ಆಕ್ಷೇಪಕ್ಕೆ ಹೆದರಿ ಉತ್ತರ ಕರ್ನಾಟಕದ ಮಾತನ್ನೇ ಕೈಬಿಟ್ಟರೆ ಅಷ್ಟೇ ನಷ್ಟ. ಜೋಕು ಬರೆಯುವವರು ಜೋಕು ಬರೆಯಲಿ. ಜೊತೆಗೆ ಮುಂದಿನ ಧಾರಾವಾಹಿಯಲ್ಲಿ ಆಪರೇಷನ್ ಮಾಡುವ ಡಾಕ್ಟರು ಜಮಖಂಡಿಯ ಕನ್ನಡ ಆಡಲಿ, ಕೊಲೆ ಪತ್ತೆ ಮಾಡುವ ಇನ್‌ಸ್ಪೆಕ್ಟರು ಬೀಳಗಿಯವಳಾಗಿರಲಿ, ಆ ಮಾತನ್ನು ಬರೆದುಕೊಡಲು ಆ ಕಡೆಯವರನ್ನೇ ಕೂರಿಸಿಕೊಳ್ಳಲಿ.