ಗಿಟಾರಿನ ಗರ್ಜನೆ, ಜೇನಿನ ಗುಂಯ್

"ಮೇಷ್ಟ್ರೇ, ಇವನಿಗೆ ಇನ್ನೊಂದು ಪೆಡಲ್ ಬೇಕಂತೆ. ಮೊದಲನೆಯದು ಕೊಡಿಸಿ ಆರು ತಿಂಗಳೂ ಆಗಿಲ್ಲ. ಕೊಡಿಸಲೋ, ಗಿಟಾರನ್ನೇ ಮಾರಿಬಿಡಲೋ, ನೀವೇ ಹೇಳಿ" ಎಂದು ನಮ್ಮ ಬೀದಿಯವರೊಬ್ಬರು ಪಿಯುಸಿ ಓದುವ ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ ಹೆವಿ ಮೆಟಲ್ ಹುಚ್ಚು. ಕೋಣೆಯಲ್ಲಿ ನುಡಿಸುವಾಗ ಗರ್ಜಿಸುವ ಗಿಟಾರು, ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿ ಕೇಳಿದರೆ ಜೇನುಗೂಡಿಗೆ ಕಲ್ಲು ಬಿದ್ದಂತೆ ಗುಂಯ್ಗುಡುತ್ತದೆ ಎಂಬುದು ಅವನ ದೂರು. ಕೇಳಿದೆ, ದೂರು ನಿಜವಾಗಿತ್ತು.

ನನಗೆ ಗಿಟಾರು ಬಾರದು. ಆದರೆ ತಂತಿಯ ಕಂಪನದ ಪಾಠವನ್ನು ವರ್ಷಗಟ್ಟಲೆ ಮಾಡಿದ್ದೇನಲ್ಲ! ಅವನ ಗೇನ್ ತಿರುಪು ಹತ್ತರಲ್ಲಿ ಒಂಬತ್ತರ ಮೇಲಿತ್ತು. ಗೇನ್ ಹೆಚ್ಚಿಸಿದಂತೆ ಸಂಕೇತದ ಅಲೆ ದೊಡ್ಡದಾಗಿ, ಮಂಡಲದ ಮಿತಿ ಮೀರಿದಾಗ ಅದರ ನೆತ್ತಿ ಕತ್ತರಿಸಿ ಹೋಗುತ್ತದೆ. ನೆತ್ತಿ ಚಪ್ಪಟೆಯಾದ ಅಲೆಯಲ್ಲಿ ಮೂಲ ಆವೃತ್ತಿಯ ಎರಡರಷ್ಟು, ಮೂರರಷ್ಟು, ಐದರಷ್ಟು ಆವೃತ್ತಿಯ ಉಪಸ್ವರಗಳು ಹುಟ್ಟುತ್ತವೆ. ಮೆಟಲ್‌ನ ಗರ್ಜನೆ ಎಂದರೆ ಇದೇ. ಆದರೆ ಮಿತಿ ಮೀರಿದರೆ ಮೆಲ್ಲಗೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಒಂದೇ ಎತ್ತರಕ್ಕೆ ಬಂದು, ಮೀಟಿದ ಕ್ಷಣದ 'ಟಕ್' ಮುಳುಗಿಹೋಗುತ್ತದೆ. ನುಡಿಸುವವನಿಗೆ ತನ್ನ ತಪ್ಪೂ ಕೇಳಿಸುವುದಿಲ್ಲ. ಗೇನ್ ಅವನಿಗೆ ಇಷ್ಟವಾಗಿದ್ದು ಇದಕ್ಕೇ ಇರಬೇಕೆಂದು ನನ್ನ ಗುಮಾನಿ!

ಮೆಟಲ್‌ನವರು ಹೆಚ್ಚಾಗಿ ಎರಡೇ ಸ್ವರ ಸೇರಿಸಿ ನುಡಿಸುವುದಕ್ಕೂ ಕಾರಣವಿದೆ. ಅದು ನಮ್ಮ ತಂಬೂರಿಯ ಷಡ್ಜ-ಪಂಚಮವೇ. ಆವೃತ್ತಿಗಳ ಅನುಪಾತ 2:3. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ 82.4 ಸಲ ಕಂಪಿಸುತ್ತದೆ, ಅದರ ಪಂಚಮ 123.5 ಸಲ. ಡಿಸ್ಟಾರ್ಷನ್ ಇವೆರಡರ ವ್ಯತ್ಯಾಸವನ್ನೂ ಹುಟ್ಟಿಸುತ್ತದೆ: 41.1. ಹೆಚ್ಚುಕಡಿಮೆ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗಿನ ಷಡ್ಜ! ಗಾಂಧಾರವನ್ನೂ ಸೇರಿಸಿದರೆ ಇಂಥ ಹೊಂದಿಕೆ ತಪ್ಪಿ ಕಲಸುಮೇಲೋಗರ.

ಗೇನನ್ನು ಐದಕ್ಕೆ ಇಳಿಸಿಸಿದೆ. ಜೇನು ಹುಳು ಆಗಲೂ ಪೂರ್ತಿ ಹೋಗಲಿಲ್ಲ, ಏಕೆಂದರೆ ಅವನು ಪೆಡಲನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸಿದ್ದ. ಗಿಟಾರಿನ ಹನ್ನೆರಡು ಇಂಚಿನ ಸ್ಪೀಕರು ಸುಮಾರು 5,000 ಹರ್ಟ್ಝ್‌ಗಿಂತ ಮೇಲಿನದನ್ನು ಬಹುಪಾಲು ನುಂಗಿಬಿಡುತ್ತದೆ. ಅದನ್ನು ಅನುಕರಿಸುವ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಹಾಕಿಕೊಂಡ.

ಇನ್ನು ಬಿಗಿ. ಒಂದೇ ಮುದ್ರಣವನ್ನು ನಕಲು ಮಾಡಿ ಎಡಕ್ಕೂ ಬಲಕ್ಕೂ ಇಟ್ಟಿದ್ದ. ಎರಡು ಕಿವಿಗೂ ಒಂದೇ ಶಬ್ದ ಬಿದ್ದರೆ ಅದು ತಲೆಯ ನಡುವೆ ಕೇಳಿಸುತ್ತದೆ, ಅಗಲವಾಗುವುದಿಲ್ಲ. ಎರಡು ಸಲ ನುಡಿಸಿಯೇ ಮುದ್ರಿಸಬೇಕು. ಕಷ್ಟ ಇರುವುದೇ ಇಲ್ಲಿ. ನಿಮಿಷಕ್ಕೆ 120 ತಾಳದಲ್ಲಿ ತಾಳಕ್ಕೆ ನಾಲ್ಕು ಮೀಟಾದರೆ ಒಂದು ಮೀಟಿಗೆ ಸಿಗುವುದು 125 ಮಿಲಿಸೆಕೆಂಡು. ಎಡ ಬಲಗಳ ನಡುವೆ ನಲವತ್ತು ಮಿಲಿಸೆಕೆಂಡು ಏರುಪೇರಾದರೆ ಒಂದು ಮೀಟು ಎರಡಾಗಿ ತೊದಲುತ್ತದೆ. "ಮೆಟ್ರೊನೋಮ್ 80ಕ್ಕೆ ಇಡು. ತಪ್ಪಿಲ್ಲದೆ ಬಂದ ಮೇಲೆ ಐದೈದೇ ಏರಿಸು. ಅಂಗೈಯಂಚಿನಿಂದ ತಂತಿಯನ್ನು ನಿಲ್ಲಿಸುವುದನ್ನೂ ತಾಳಕ್ಕೆ ಸರಿಯಾಗಿ ನಿಲ್ಲಿಸು" ಎಂದೆ.

"ದೊಡ್ಡವರ ಹತ್ತಿರ ಒಳ್ಳೆಯ ಸಾಮಾನಿರುತ್ತೆ ಸರ್" ಎಂದ. ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿಯ ಕಥೆ ಹೇಳಿದೆ. 1965ರಲ್ಲಿ ಬರ್ಮಿಂಗ್‌ಹ್ಯಾಮಿನ ತಗಡು ಕಾರ್ಖಾನೆಯಲ್ಲಿ ಅವರ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕಿ ಹೋಯಿತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿ ತಂತಿ ಸಡಿಲಿಸಿಕೊಂಡರು. ಮೆಟಲ್‌ನ ಆ ಭಾರವಾದ ನಾದಕ್ಕೆ ತಳಹದಿ ಬಿದ್ದದ್ದು ಹೀಗೆ. ಹುಡುಗ ಸುಮ್ಮನಾದ.

ಮೂರು ವಾರದ ನಂತರ ಇಬ್ಬರೂ ಮತ್ತೆ ಬಂದರು. ಹೊಸ ತಂತಿಗಳ ಒಂದು ಸೆಟ್ಟು ಬಿಟ್ಟರೆ ಬೇರೇನೂ ಕೊಂಡಿರಲಿಲ್ಲ. ಹಾಡು ಇನ್ನೂ 95ರ ವೇಗದಲ್ಲೇ ಇತ್ತು; 120ಕ್ಕೆ ಪರೀಕ್ಷೆ ಮುಗಿಯಬೇಕಂತೆ. ತಂದೆ ಹೆಡ್‌ಫೋನ್ ತೆಗೆದು, "ಗಲಾಟೆ ಗಲಾಟೆಯೇ ಮೇಷ್ಟ್ರೇ. ಆದರೆ ಈಗ ಎಷ್ಟು ಪೆಟ್ಟು ಅಂತ ಎಣಿಸಬಹುದು" ಎಂದರು.