ದೂರ ನಿಂತು ದರ್ಶನ ಮಾಡಿದ್ದು ಸಾಕು



ಸರ್ಕಾರದವರು ತಮ್ಮ ಟಿ.ವಿ.ಗೆ ದೂರದರ್ಶನ ಅಂತ ಹೆಸರಿಟ್ಟರು. ಹೆಸರಿಟ್ಟವರಿಗೆ ಅದು ಚಂದದ ಸಂಸ್ಕೃತ ಪದ. ನಮಗೆ ಅದು ಹಳೇ ಕಥೆ. ನಮ್ಮ ತಾತ ಮುತ್ತಾತಂದಿರು ಗರುಡಗಂಬದಿಂದಲೂ ಆಚೆ ನಿಂತು, ಕೈಮುಗಿದು ಮಾಡಿದ್ದು ಅದನ್ನೇ ಅಲ್ಲವಾ? ದೂರ ನಿಲ್ಲು, ದರ್ಶನ ಮಾಡು, ಮುಟ್ಟಬೇಡ, ಬಾಯಿ ಬಿಡಬೇಡ. ದೇವಸ್ಥಾನದ ಈ ಕಟ್ಟಳೆಗೆ ಕರೆಂಟು ಕೊಟ್ಟು ಪೆಟ್ಟಿಗೆಯೊಳಗೆ ಇಟ್ಟರೆ ಏನಾಗುತ್ತದೋ ಎಂಬತ್ತರ ದಶಕದಲ್ಲಿ ಅದೇ ಆಯಿತು.

ಈಗ ಕೆಲವರು ಆ ಕಾಲವನ್ನು ನೆನೆದು ಕಣ್ಣೀರು ಹಾಕುತ್ತಾರೆ. "ಆಗ ಒಂದೇ ಚಾನೆಲ್ಲು, ಊರಿಗೊಂದೇ ಟಿ.ವಿ., ಜಾತಿ ಗೀತಿ ಮರೆತು ಎಲ್ಲರೂ ಒಟ್ಟಿಗೆ ಕೂತು ನೋಡ್ತಿದ್ವಿ" ಅಂತಾರೆ. ಒಟ್ಟಿಗೆ ಕೂತವರು ಯಾರು? ಕೂತವರು ಯಾರು, ನಿಂತವರು ಯಾರು? ಈ ಪ್ರಶ್ನೆ ಕೇಳದೆ ಹೋದರೆ ನಾವು ಹಾಸ್ಟೆಲಿನ ಅನ್ನ ಉಂಡು ಓದಿದ್ದೂ ದಂಡ.

ಸ್ವಲ್ಪ ಚರಿತ್ರೆ ನೋಡಿ. ಟಿ.ವಿ. ದೆಹಲಿಗೆ ಬಂದದ್ದು 1959ರಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎ.ಟಿ.ಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಪ್ರಸಾರ ಮಾಡಿದರು. ಅದೇ 'ಸೈಟ್' ಪ್ರಯೋಗ. ನಮ್ಮ ರಾಜ್ಯದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆ ಪೆಟ್ಟಿಗೆ ಯಾರ ಮನೆಯದೂ ಅಲ್ಲ, ಊರಿಗೆಲ್ಲ ಸೇರಿದ್ದು. ವರ್ಷ ಮುಗಿಯಿತು, ಉಪಗ್ರಹ ಹೋಯಿತು. 1977ರಲ್ಲಿ ಗುಲಬರ್ಗಾ ಕೇಂದ್ರ, 1981ರಲ್ಲಿ ಬೆಂಗಳೂರು ಕೇಂದ್ರ ಬಂದವು. 1982ರಲ್ಲಿ ಏಷ್ಯಾಡ್ ಕ್ರೀಡಾಕೂಟದ ನೆಪದಲ್ಲಿ ಬಣ್ಣ ಬಂತು. 1984ರಲ್ಲಿ ದಿನಕ್ಕೊಂದರಂತೆ ಟ್ರಾನ್ಸ್‌ಮಿಟರ್ ನೆಟ್ಟ ತಿಂಗಳುಗಳೂ ಇದ್ದವು. ಅಷ್ಟರಲ್ಲಿ ಊರಿನ ಪೆಟ್ಟಿಗೆ ಹೋಗಿ ಉಳ್ಳವರ ಹಜಾರದ ಪೆಟ್ಟಿಗೆ ಬಂದಿತ್ತು.

ನಮ್ಮ ಸೀಮೆಯಲ್ಲಿ ಅದು ಬಂದ ದಾರಿಯನ್ನು ಹುಡುಕಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ದಾರಿಯೇ ಅದು. ನೀರು ಹರಿದ ಕಡೆ ಗದ್ದೆ, ಗದ್ದೆ ಇದ್ದವರಿಗೆ ಕಬ್ಬು, ಕಬ್ಬಿಗೆ 1933ರಿಂದ ಮಂಡ್ಯದ ಸಕ್ಕರೆ ಕಾರ್ಖಾನೆ, ಕಾರ್ಖಾನೆಯ ದುಡ್ಡಿಗೆ ಹೆಂಚಿನ ಮನೆ, ಹೆಂಚಿನ ಮೇಲೆ ಆಂಟೆನಾ. ಜಮೀನು ಯಾರದೋ ಟಿ.ವಿ.ಯೂ ಅವರದೇ. ಕಬ್ಬು ಕಡಿದವನು, ನಾಟಿ ಹಾಕಿದವಳು ಅದೇ ಮನೆಯ ಕಿಟಕಿಯ ಸರಳು ಹಿಡಿದು ನಿಂತು ನೋಡಬೇಕಾಯಿತು. ಇದು ಕವಿಯ ಕಲ್ಪನೆ ಅನ್ನುವವರು ರಜಕ್ಕೆ ಹೋದಾಗ ನಿಮ್ಮ ಅಪ್ಪ ಅವ್ವನ ವಯಸ್ಸಿನವರನ್ನು ಕೇಳಿ ನೋಡಿ.

ನೋಡಿದ್ದಾದರೂ ಏನನ್ನು? 1984ರ ಜುಲೈನಲ್ಲಿ 'ಹಮ್ ಲೋಗ್' ಶುರುವಾಯಿತು. ಹಮ್ ಲೋಗ್ ಅಂದರೆ ನಾವು ಜನ. ಯಾವ ನಾವು? ಹಿಂದಿ ಆಡುವ ಪಟ್ಟಣದ ಒಂದು ಮಧ್ಯಮ ವರ್ಗದ ಮನೆ. ಆ ಮನೆಯ ಕಷ್ಟ ಸುಖದ ನಡುವೆ ಎರಡು ನಿಮಿಷದ ಮ್ಯಾಗಿ. ಹಿಂದಿ ಒಂದಕ್ಷರ ಬಾರದ ನಮ್ಮ ಕೇರಿಯ ಅಕ್ಕಂದಿರು ಮಾತು ಬಿಟ್ಟು ಮುಖ ನೋಡಿ ಕಥೆ ಕಟ್ಟಿಕೊಂಡರು. ಜೊತೆಗೆ ಸೋಪು, ಪೇಸ್ಟು, ಬಿಳೀ ಬಟ್ಟೆ, ಬಿಳೀ ಮೈ. ಚೊಕ್ಕಟ ಅಂದರೆ ಅದು, ಚಂದ ಅಂದರೆ ಅದು ಅಂತ ದಿನಾ ಪಾಠ. ಹಳ್ಳಿಗೆ ಜ್ಞಾನ ಕೊಡ್ತೀವಿ ಅಂತ ಬಂದ ಪೆಟ್ಟಿಗೆ ಅಂಗಡಿಯ ಕಪಾಟಾಯಿತು. ಪಿ.ಸಿ. ಜೋಷಿ ಸಮಿತಿ 1985ರ ತನ್ನ ವರದಿಯಲ್ಲಿ ಈ ದೆಹಲಿ ಮೋಹ, ಈ ಪೇಟೆ ಮೋಹ ಒಳ್ಳೆಯದಲ್ಲ ಅಂತ ಎಚ್ಚರಿಸಿತು. ವರದಿ ಕಪಾಟು ಸೇರಿತು.

ಕೃಷಿ ಕಾರ್ಯಕ್ರಮಗಳು ಇರಲಿಲ್ಲವೇ ಅಂತೀರಿ. ಇದ್ದವು. 1967ರಲ್ಲೇ ದೆಹಲಿ ಸುತ್ತಿನ 80 ಹಳ್ಳಿಗಳಿಗೆ ಕೃಷಿ ದರ್ಶನ ಶುರು ಮಾಡಿದ್ದರು. ಆದರೆ ಆ ದರ್ಶನದಲ್ಲಿ ರೈತ ಅಂದರೆ ಪಹಣಿ ಇದ್ದವನು. ಕೂಲಿಯವಳಿಗೆ ಪಹಣಿ ಇಲ್ಲ, ಆದ್ದರಿಂದ ಮುಖವೂ ಇಲ್ಲ. ಇದೇ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಬಡವರ ತಟ್ಟೆಯ ಮುದ್ದೆಯನ್ನು ದೊಡ್ಡದು ಮಾಡಿದ ಮನುಷ್ಯ. ಫಾರಂನ ಗೇಟಿನ ಮುಂದೆ ದಿನಾ ಓಡಾಡುವ ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಮುಖ ಗೊತ್ತು? ಅರುಣ್ ಗೋವಿಲ್ ಮುಖ ಎಷ್ಟು ಜನಕ್ಕೆ ಗೊತ್ತು? ಜನಪ್ರಿಯ ಸಂಸ್ಕೃತಿ ಅಂದರೆ ಇಷ್ಟೇ ಕಣ್ರಪ್ಪ. ಯಾರ ಮುಖ ನಮಗೆ ಪರಿಚಯವಾಗಬೇಕು ಅಂತ ಇನ್ನೊಬ್ಬ ತೀರ್ಮಾನ ಮಾಡೋದು.

1987ರ ಜನವರಿ 25. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ರಮಾನಂದ ಸಾಗರರ 'ರಾಮಾಯಣ' ಶುರುವಾಯಿತು. ಟಿ.ವಿ.ಗೆ ಹೂವಿನ ಹಾರ, ಊದುಬತ್ತಿ. ಬೀದಿಗಳೆಲ್ಲ ಖಾಲಿ. ನೂರು ಬಾಯಲ್ಲಿ ನೂರು ರೀತಿ ಇದ್ದ ಕಥೆಯನ್ನು ಸರ್ಕಾರದ ಪೆಟ್ಟಿಗೆ ಒಂದೇ ಅಚ್ಚಿಗೆ ಹೊಯ್ದು ದೇಶಕ್ಕೆಲ್ಲ ಹಂಚಿತು. ಅದೇ 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದರು. ಆ ವರ್ಷದ ಯಾವ ಚಿತ್ರ ಈ ದೇಶದ ಕಣ್ಣಲ್ಲಿ ಉಳಿದಿದೆ, ಹೇಳಿ. ಸೀತೆಯ ಪಾತ್ರದವರೂ ರಾವಣನ ಪಾತ್ರದವರೂ 1991ರಲ್ಲಿ ಬಿಜೆಪಿಯಿಂದ ಪಾರ್ಲಿಮೆಂಟಿಗೆ ಹೋದರು. ರಾಮನ ಪಾತ್ರದವರು 2024ರಲ್ಲಿ ಅದೇ ಪಕ್ಷದಿಂದ ಹೋದರು. ಧಾರಾವಾಹಿ ಬರೀ ಮನರಂಜನೆ ಅನ್ನುವವರು ಇದಕ್ಕೆ ಉತ್ತರ ಕೊಡಲಿ.

ಒಂದು ಸಂಗತಿಯನ್ನು ಮಾತ್ರ ನೀವು ಬರೆದಿಟ್ಟುಕೊಳ್ಳಬೇಕು. 1988ರಲ್ಲಿ ಉತ್ತರಕಾಂಡ ತೋರಿಸದೆಯೇ ಧಾರಾವಾಹಿ ಮುಗಿಯುತ್ತದೆ ಅಂದಾಗ ಪಂಜಾಬಿನ ಜಲಂಧರದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಅವರು ವಾಲ್ಮೀಕಿ ಸಮುದಾಯದವರು. ನಮ್ಮ ಮೂಲಪುರುಷನ ಪಾಲನ್ನು ಯಾಕೆ ಬಿಟ್ಟಿರಿ ಅಂತ ಕೇಳಿದರು. ಬೇರೆ ಊರುಗಳಿಗೂ ಮುಷ್ಕರ ಹಬ್ಬಿತು. ಕೊನೆಗೆ ಲವಕುಶರ ಕಥೆ ಮತ್ತೆ ಪೆಟ್ಟಿಗೆಗೆ ಬಂತು. ಮೇಲ್ಜಾತಿ ಪತ್ರಕರ್ತರು ಇದನ್ನು ತಮಾಷೆ ಮಾಡಿ ಬರೆದಿರಬಹುದು. ನಾವು ನಗಬಾರದು. ವರದಿ ಬರೆದ ಪಂಡಿತರಿಂದ ಆಗದ್ದು ಪೊರಕೆ ಹಿಡಿದವರಿಂದ ಆಯಿತು. ಆದರೆ ಯೋಚನೆ ಮಾಡಿ: ಅದೇ ಉತ್ತರಕಾಂಡದಲ್ಲಿ ತಪಸ್ಸು ಮಾಡಿದ ತಪ್ಪಿಗೆ ತಲೆ ಕಳೆದುಕೊಂಡ ಶಂಬೂಕನೂ ಇದ್ದಾನೆ. ಕುವೆಂಪು 'ಶೂದ್ರ ತಪಸ್ವಿ' ಬರೆದದ್ದು ಅವನ ಮೇಲೆ. ಪೊರಕೆಗೆ ಇಷ್ಟು ಶಕ್ತಿ ಇದ್ದ ಮೇಲೆ, ಅದು ಅವರ ಕಥೆಯ ಉಳಿದ ಭಾಗವನ್ನಷ್ಟೇ ಕೇಳಬೇಕಾ, ನಮ್ಮ ಕಥೆಯನ್ನು ಕೇಳಬಾರದಾ?

ನಮ್ಮ ಕಥೆ ಯಾವುದು ಅಂತೀರಾ? ಮಳವಳ್ಳಿ ತಾಲ್ಲೂಕಿನಲ್ಲೇ ಬೊಪ್ಪೇಗೌಡನಪುರ ಇದೆ, ಮಂಟೇಸ್ವಾಮಿ ಮಠ ಇದೆ. ಅದೇ ತಾಲ್ಲೂಕಿನ ಹಲಗೂರಿಗೆ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗಿ ಪಾಂಚಾಳರ ಕೈಲಿ ಪಟ್ಟ ಪಾಡನ್ನು ನೀಲಗಾರರು ರಾತ್ರಿಯೆಲ್ಲ ತಂಬೂರಿ ಹಿಡಿದು ಹಾಡುತ್ತಾರೆ. ಮಂಟೇಸ್ವಾಮಿ ಕಲ್ಯಾಣಕ್ಕೆ ಹೋದದ್ದು ಮಡಿಯುಟ್ಟಲ್ಲ. ಹೇಸಿಗೆಯ ವೇಷದಲ್ಲಿ ಹೋಗಿ, ದೊಡ್ಡ ದೊಡ್ಡ ಶರಣರ ಮಡಿಯನ್ನೇ ಪರೀಕ್ಷೆ ಮಾಡಿದ. ಇಂಥ ಮಹಾಕಾವ್ಯ ಮನೆ ಬಾಗಿಲಲ್ಲಿರುವಾಗ ಭಾನುವಾರದ ಕಥೆಯೊಂದೇ ಮಹಾಕಾವ್ಯ ಅಂತ ನಂಬಿಸಿತಲ್ಲ, ಆ ದಶಕದ ದೊಡ್ಡ ಕೇಡು ಅದೇ. ಹಾಡುವವನ ಮುಂದೆ ಕೂತವನು ಸೊಲ್ಲಿಗೆ ಸೊಲ್ಲು ಸೇರಿಸುತ್ತಾನೆ, ಪ್ರಶ್ನೆ ಕೇಳುತ್ತಾನೆ. ಪೆಟ್ಟಿಗೆಯ ಮುಂದೆ ಕೂತವನು ಬಾಯಿ ಮುಚ್ಚಿಕೊಂಡು ಇರಬೇಕು.

ನಮ್ಮವರ ಮುಖ ಬರಲೇ ಇಲ್ಲವಾ? ಬಂತು. 1988ರಲ್ಲಿ ಗೋವಿಂದ ನಿಹಲಾನಿಯವರ 'ತಮಸ್' ಬಂತು. ನತ್ಥು ಎಂಬ ಚಮ್ಮಾರನಿಗೆ ಮೋಸ ಮಾಡಿ ಹಂದಿ ಕೊಲ್ಲಿಸಿ, ಆ ಹಂದಿಯಿಂದ ಊರಿಗೆ ಬೆಂಕಿ ಹಚ್ಚುವ ಕಥೆ. ಗಲಭೆಯ ಹಿಂದೆ ಯಾರ ಕೈ, ಯಾರ ತಲೆ ಅಂತ ಅಷ್ಟು ಸ್ಪಷ್ಟವಾಗಿ ತೋರಿಸಿದ ತಕ್ಷಣ ನಿಲ್ಲಿಸಿ ಅಂತ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು ಪ್ರಸಾರಕ್ಕೆ ತಡೆ ಇಲ್ಲ ಅಂದಿತು. ಅಂದರೆ ಪೆಟ್ಟಿಗೆಗೆ ಸತ್ಯ ಹೇಳುವ ಶಕ್ತಿ ಇತ್ತು. ಇಲ್ಲದ್ದು ಹೇಳಿಸುವವರ ಮನಸ್ಸು.

ಈಗ 2020ಕ್ಕೆ ಬನ್ನಿ. ಲಾಕ್‌ಡೌನ್ ಆಯಿತು. ಮಾರ್ಚ್ 28ರಿಂದ ದೂರದರ್ಶನ ಅದೇ ಹಳೇ 'ರಾಮಾಯಣ'ವನ್ನು ಮತ್ತೆ ಹಾಕಿತು. ಜುಲೈನಲ್ಲಿ ಜೀ ಕನ್ನಡದಲ್ಲಿ ಬಾಬಾಸಾಹೇಬರ ಮೇಲಿನ ಹಿಂದಿ ಧಾರಾವಾಹಿ 'ಮಹಾನಾಯಕ' ಅಂತ ಕನ್ನಡಕ್ಕೆ ಡಬ್ ಆಗಿ ಬಂತು. ಊರೂರಲ್ಲಿ ನಮ್ಮ ಹುಡುಗರು ಕೈಯಿಂದ ದುಡ್ಡು ಹಾಕಿ ಬ್ಯಾನರ್ ಕಟ್ಟಿದರು. ವಾಹಿನಿಯ ಮುಖ್ಯಸ್ಥರಿಗೆ ಬೆದರಿಕೆ ಬಂದರೂ ಪ್ರಸಾರ ನಿಲ್ಲಲಿಲ್ಲ. ಶಾಲೆಯಲ್ಲಿ ದೂರ ಕೂರಿಸಿದ ಮಗುವನ್ನು ಪರದೆಯ ಮೇಲೆ ಕಂಡು ಕೇರಿಯ ಅವ್ವಂದಿರು ಅತ್ತರು. ಸಂತೋಷವೇ. ಆದರೆ ಬ್ಯಾನರ್ ನಮ್ಮದು, ಪೆಟ್ಟಿಗೆ ಇನ್ನೂ ಅವರದು. ಜಾಹೀರಾತಿನ ದುಡ್ಡೂ ಅವರದು. ನಾಳೆ ಲಾಭ ಕಂಡ ಕಡೆಗೆ ವಾಹಿನಿ ತಿರುಗುತ್ತದೆ. ಬ್ಯಾನರ್ ಕಟ್ಟಿದ್ದೇ ಕ್ರಾಂತಿ ಅಂದುಕೊಂಡರೆ, ಕಿಟಕಿಯಿಂದ ಹಜಾರಕ್ಕೆ ಬಂದು ಕೂತಂತಾಯಿತೇ ಹೊರತು ಮನೆ ನಮ್ಮದಾಗಲಿಲ್ಲ.

1975ನ್ನು ಇನ್ನೊಂದು ಸಲ ನೆನೆಯಿರಿ. ಜೂನ್‌ನಲ್ಲಿ ತುರ್ತುಪರಿಸ್ಥಿತಿ, ಆಗಸ್ಟ್‌ನಲ್ಲಿ ಉಪಗ್ರಹದ ಟಿ.ವಿ. ಅದೇ ವರ್ಷ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅದಕ್ಕೆ ಉಪಗ್ರಹ ಇರಲಿಲ್ಲ, ಪ್ರಾಯೋಜಕ ಇರಲಿಲ್ಲ. ತಮಟೆಯ ಮೇಲೆ, ಬಾಯಿಂದ ಬಾಯಿಗೆ, ಹಾಸ್ಟೆಲಿಂದ ಹಾಸ್ಟೆಲಿಗೆ ನಡೆದುಕೊಂಡೇ ಊರು ತಲುಪಿತು. ಉಪಗ್ರಹ ಒಂದು ವರ್ಷಕ್ಕೆ ಹೊರಟು ಹೋಯಿತು. ಹಾಡು ಇವತ್ತಿಗೂ ಮೆರವಣಿಗೆಯಲ್ಲಿದೆ.

ಆದ್ದರಿಂದ ಟಿ.ವಿ. ಒಡೆಯಿರಿ ಅಂತ ನಾನು ಹೇಳುವುದಿಲ್ಲ. ನೋಡಿ, ಆದರೆ ಪೆನ್ನು ಪೇಪರು ಹಿಡಿದು ನೋಡಿ. ಸುದ್ದಿ ಓದುವವರು ಯಾರು, ಚರ್ಚೆಗೆ ಕೂರುವವರು ಯಾರು, ಧಾರಾವಾಹಿಯಲ್ಲಿ ಪೊರಕೆ ಹಿಡಿದವರು ಯಾರು, ಒಂದು ವಾರ ಲೆಕ್ಕ ಬರೆಯಿರಿ. ನಿಮ್ಮ ಕೈಲಿರುವ ಫೋನಿಗೆ ಕಣ್ಣೂ ಇದೆ, ಕಿವಿಯೂ ಇದೆ. ಕುಣಿಯೋರ ವಿಡಿಯೊ ನೋಡೋಕೆ ಮಾತ್ರ ಅದನ್ನು ಕೊಂಡಿರಾ? ನೀಲಗಾರರು ಇನ್ನೂ ಇದ್ದಾರೆ, ಸೋಬಾನೆ ಪದ ಹೇಳುವ ಅಜ್ಜಿಯರು ಇನ್ನೂ ಇದ್ದಾರೆ, ನಾಟಿ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರು ಇನ್ನೂ ಇದ್ದಾರೆ. ಅವರ ಹತ್ತಿರ ಹೋಗಿ ಕೂರಿ, ಕೇಳಿ, ಹಿಡಿದಿಡಿ. ಮುಂದಿನ ಸಭೆಗೆ ಬರುವಾಗ ಒಂದೊಂದು ಹಾಸ್ಟೆಲಿನವರು ಆ ಒಂದು ವಾರದ ಲೆಕ್ಕವನ್ನೂ, ತಮ್ಮ ಊರಿನ ಒಂದು ಹಾಡನ್ನೂ ಬರೆದು ತನ್ನಿ. ಇದೇ ಪುಟಗಳಲ್ಲಿ ಅಚ್ಚು ಮಾಡೋಣ.