ಕಾದಂಬರಿಕಾರರೇ, ಕೊಂಡದ್ದೆಷ್ಟು? ಓದಿದ್ದೆಷ್ಟು?

ಡಿಸೆಂಬರ್ ಕೊನೆ ಬಂತೆಂದರೆ ಭಾನುವಾರದ ಪುರವಣಿಗಳಲ್ಲಿ ಒಂದು ಹಬ್ಬ ಶುರುವಾಗುತ್ತದೆ. 'ಈ ವರ್ಷ ನಾನು ಮೆಚ್ಚಿದ ಪುಸ್ತಕಗಳು.' ಕಾದಂಬರಿಕಾರರದ್ದೊಂದು ಫೋಟೋ, ಅವರ ಬೆನ್ನ ಹಿಂದೆ ತುಂಬಿದ ಕಪಾಟು, ಕೆಳಗೆ ಏಳೆಂಟು ಪುಸ್ತಕಗಳ ಹೆಸರು. ಒಂದೊಂದಕ್ಕೂ ಒಂದೂವರೆ ಸಾಲು. ಗಮನಾರ್ಹ, ವಿಶಿಷ್ಟ ಸಂವೇದನೆ, ಭರವಸೆಯ ದನಿ... ಅಲ್ಲಿಗೆ ಮುಗಿಯಿತು.

ಈ ಒಂದೂವರೆ ಸಾಲಿನಿಂದ ಪುಸ್ತಕದೊಳಗೆ ಏನುಂಟು ಅಂತ ಯಾರಿಗಾದರೂ ಗೊತ್ತಾಗುತ್ತದಾ ಮಾರಾಯ್ರೆ? ಹೆಸರುಗಳನ್ನು ಅದಲು ಬದಲು ಮಾಡಿ ನೋಡಿ, ಎಲ್ಲ ಹೊಗಳಿಕೆಯೂ ಎಲ್ಲ ಪುಸ್ತಕಕ್ಕೂ ಸರಿಹೊಂದುತ್ತದೆ. ಒಂಬತ್ತನೇ ತರಗತಿಯ ಹುಡುಗ ಪುಸ್ತಕ ಬಿಡಿಸದೆ ಟಿಪ್ಪಣಿ ಬರೆದು ತಂದರೂ ಹೀಗೇ ಇರುತ್ತದೆ. ಅವನನ್ನು ನಾನು ಒಂದೇ ಮಾತು ಕೇಳುವುದು: ಯಾವ ಪುಟದಲ್ಲಿ ನಿನಗೆ ಹಾಗನ್ನಿಸಿತು? ಅದೇ ಪ್ರಶ್ನೆಯನ್ನು ದೊಡ್ಡವರಿಗೆ ಯಾಕೆ ಕೇಳಬಾರದು?

ಬೇರೆ ರೀತಿಯಲ್ಲೂ ಬರೆಯಬಹುದು ಅಂತ ತೋರಿಸಿಕೊಟ್ಟ ಕಾದಂಬರಿಕಾರ ಒಬ್ಬರಿದ್ದಾರೆ, ಇಂಗ್ಲೆಂಡಿನ ನಿಕ್ ಹಾರ್ನ್‌ಬಿ. 'ಹೈ ಫಿಡೆಲಿಟಿ' (1995) ಬರೆದವರು. 2003ರಲ್ಲಿ ಅಮೆರಿಕದ 'ದಿ ಬಿಲೀವರ್' ಪತ್ರಿಕೆಯಲ್ಲಿ ತನ್ನ ಓದಿನ ಬಗ್ಗೆ ಅಂಕಣ ಶುರುಮಾಡಿದರು. ಅಂಕಣದ ತಲೆಯ ಮೇಲೆ ಪ್ರತಿಸಲವೂ ಎರಡು ಪಟ್ಟಿ. ಒಂದು, ಈ ತಿಂಗಳು ಕೊಂಡ ಪುಸ್ತಕಗಳು. ಇನ್ನೊಂದು, ಈ ತಿಂಗಳು ಓದಿದ ಪುಸ್ತಕಗಳು. ಎರಡೂ ತಾಳೆಯಾಗುವುದೇ ಅಪರೂಪ! ಕೊಂಡದ್ದು ಹಾಗೇ ಬಿದ್ದಿರುತ್ತದೆ, ಕೆಲವು ಅರ್ಧಕ್ಕೆ ನಿಂತಿರುತ್ತವೆ. ಫುಟ್‌ಬಾಲ್ ನೋಡುತ್ತ ಕೂತು ಓದು ಹಿಂದೆ ಬಿತ್ತು ಅನ್ನುವುದನ್ನೂ ಆ ಮನುಷ್ಯ ಮುಚ್ಚಿಡುವುದಿಲ್ಲ. ಯಾವ ಪುಸ್ತಕವನ್ನೂ ಹಳಿಯಕೂಡದು ಅನ್ನುವುದು ಆ ಪತ್ರಿಕೆಯ ನಿಯಮ. ಅದಕ್ಕೆ ಓದಲಾಗದೆ ಕೈಬಿಟ್ಟ ಕಾದಂಬರಿಯನ್ನು ಹೆಸರು ಹೇಳದೆಯೇ ಪಟ್ಟಿಗೆ ಸೇರಿಸಿದರು. ಹೆಸರು ಬಿಟ್ಟರು, ಸತ್ಯ ಬಿಡಲಿಲ್ಲ. ಮೊದಲ ಅಂಕಣಗಳೆಲ್ಲ ಸೇರಿ 2004ರಲ್ಲಿ 'ದಿ ಪಾಲಿಸಿಲಬಿಕ್ ಸ್ಪ್ರೀ' ಎಂಬ ಪುಸ್ತಕವಾಯಿತು.

ನಮ್ಮವರು ಇಷ್ಟು ಮಾಡಿದರೆ ಗಂಟೇನು ಹೋಗುತ್ತದೆ? ನಮ್ಮಲ್ಲಿ ಎರಡು ಕಾಲಂ ಸಾಲದು, ಮೂರನೆಯದೂ ಬೇಕು: ಗೌರವ ಪ್ರತಿಯಾಗಿ ಬಂದದ್ದು. ನಾಲ್ಕನೆಯದು ಬೇಕೆಂದರೆ, ನಾನೇ ಮುನ್ನುಡಿ, ಬೆನ್ನುಡಿ ಬರೆದದ್ದು. ಬೆನ್ನುಡಿಯಲ್ಲಿ ಹೊಗಳಿ, ಬಿಡುಗಡೆಯ ವೇದಿಕೆಯಲ್ಲಿ ಹೊಗಳಿ, ಡಿಸೆಂಬರಿನಲ್ಲಿ ಮೂರನೇ ಸಲ ಮೆಚ್ಚುವುದು ಸ್ನೇಹಧರ್ಮ ಇರಬಹುದು. ಅದಕ್ಕೆ ಓದು ಅಂತ ಹೆಸರಿಡಬೇಡಿ.

ಇನ್ನೊಂದು ತಮಾಷೆ. 'ಈ ವರ್ಷ ಓದಿದ್ದು' ಅಂತ ತಲೆಬರಹ, ಒಳಗಿರುವುದು ಮಾತ್ರ ಈ ವರ್ಷ ಅಚ್ಚಾದದ್ದು. ವರ್ಷವಿಡೀ ಹಳೆಯ ಪುಸ್ತಕ ಒಂದನ್ನೂ ಮುಟ್ಟದ ಕಾದಂಬರಿಕಾರ ಇರುತ್ತಾರಾ? ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದಿತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ 12 ಕತೆಗಳು 1990ರಿಂದ 2023ರವರೆಗೆ ಕನ್ನಡದಲ್ಲಿ ಬರೆದವು. ಅಚ್ಚಾದ ವರ್ಷ ನೋಡಿಯೇ ಪಟ್ಟಿ ಮಾಡುವವರಿಗೆ 1990ರ ಕತೆಯನ್ನು ಹೆಸರಿಸಲು ಮೂವತ್ತೈದು ವರ್ಷದ ನಂತರ ಲಂಡನ್ನಿನಿಂದ ಅಪ್ಪಣೆ ಬರಬೇಕು.

ಗಡಿಯಾಚೆ ಕಾಸರಗೋಡಿನಲ್ಲಿ ಕೂತ ಮೇಷ್ಟ್ರಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ಹೇಳುತ್ತೇನೆ. ಕೇರಳ ಪುಸ್ತಕವನ್ನು ಮರ್ಯಾದೆಯಿಂದ ಕಾಣುವ ಊರು. ಪಿ.ಎನ್. ಪಣಿಕ್ಕರ್ 1945ರಲ್ಲಿ 47 ಗ್ರಂಥಾಲಯಗಳನ್ನು ಕೂಡಿಸಿ ಸಂಘ ಕಟ್ಟಿದವರು. ಅವರು ತೀರಿಕೊಂಡ ಜೂನ್ 19 ಇಲ್ಲಿನ ಶಾಲೆಗಳಿಗೆ ವಾಚನಾ ದಿನ. ಮಕ್ಕಳು ಹುಟ್ಟುಹಬ್ಬಕ್ಕೆ ಮಿಠಾಯಿ ಹಂಚುವ ಬದಲು ಶಾಲೆಗೊಂದು ಪುಸ್ತಕ ಕೊಡುವ ಕ್ರಮವೂ ಉಂಟು. ಬೀಡಿ ಕಟ್ಟುವ ತಾಯಿ ಇನ್ನೂರು ರೂಪಾಯಿ ಹಿಡಿದು ಬಂದು ಕೇಳುತ್ತಾರೆ, "ಮಾಷೇ, ಯಾವುದು ತರಲಿ?" ಮಲಯಾಳಂ ವಿಭಾಗದ ಮಾಷ್ಟ್ರು ಪೇಟೆಯ ಅಂಗಡಿ ತೋರಿಸಿದರಾಯಿತು. ನಾನು ಮಂಗಳೂರು ತೋರಿಸಬೇಕು, 50 ಕಿಲೋಮೀಟರ್. ಅಲ್ಲಿಗೆ ಹೋಗಿ ಪುಟ ತಿರುಗಿಸಿ ನೋಡಿ ಆರಿಸುವ ಪುರುಸೊತ್ತು ಅವರಿಗಿಲ್ಲ. ಕರ್ನಾಟಕ ಸರ್ಕಾರದ ಸಗಟು ಖರೀದಿಯ ಪುಸ್ತಕ ಆ ರಾಜ್ಯದ ಗ್ರಂಥಾಲಯಗಳಿಗೆ. ಹಾಗಾಗಿ ಪುರವಣಿಯ ಪಟ್ಟಿ ಬೆಂಗಳೂರಿನವರಿಗೆ ಕಾಫಿಯ ಜೊತೆಗಿನ ಓದು, ನಮಗೆ ಅಂಗಡಿಯ ಚೀಟಿ. ಚೀಟಿಯಲ್ಲಿ ಮುಲಾಜಿಗೆ ಬರೆದ ಸಾಮಾನು ಇದ್ದರೆ ಆ ಇನ್ನೂರು ರೂಪಾಯಿ ಕಪಾಟಿನಲ್ಲಿ ಗೆದ್ದಲಿಗೆ.

ಗಳಗನಾಥರು ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದರು ಅಂತ ಮಕ್ಕಳಿಗೆ ಹೇಳುತ್ತೇವೆ. ಈಗಿನವರು ಹೊರುವುದು ಬೇಡ. ಸರಿಯಾದ ಹೆಸರು ಹೇಳಿದರೆ ಸಾಕು.

ಪಕ್ಕದ ಮನೆಯ ಪುಸ್ತಕವಾದರೂ ಪಟ್ಟಿಗೆ ಬರುತ್ತದಾ? ನಾನು ನೋಡಿದ ಪಟ್ಟಿಗಳಲ್ಲಿ ಲ್ಯಾಟಿನ್ ಅಮೆರಿಕ ಉಂಟು, ಜಪಾನ್ ಉಂಟು, ಮಲಯಾಳಂ ಹುಡುಕಬೇಕು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದದ್ದಷ್ಟೇ ಅಲ್ಲ, ಮಲಯಾಳಂನಿಂದ ಕನ್ನಡಕ್ಕೆ ಅನುವಾದವನ್ನೂ ಮಾಡಿದರು. 2023ರ ಜನವರಿಯಲ್ಲಿ ತೀರಿಕೊಂಡಾಗ ಶ್ರದ್ಧಾಂಜಲಿ ಧಾರಾಳವಾಗಿ ಬಂತು. ಅವರ ಅನುವಾದಗಳನ್ನು ಓದಿದೆ ಅಂತ ಬರೆದ ಒಂದು ಪಟ್ಟಿ ನನಗೆ ಕಾಣಸಿಗಲಿಲ್ಲ.

"ಸಂಪಾದಕರು ನೂರೇ ಪದ ಕೊಡುತ್ತಾರೆ, ನಾವೇನು ಮಾಡುವುದು?" ಅಂತ ಒಬ್ಬ ಲೇಖಕರು ನನ್ನೊಡನೆ ವಾದಿಸಿದರು. ನೂರೇ ಪದ ಇದ್ದರೆ ಒಂದೇ ಪುಸ್ತಕದ ಬಗ್ಗೆ ಬರೆಯಿರಿ ಸ್ವಾಮೀ! ಎಂಟು ಹೆಸರು ಬೇಡ. ಯಾವ ಅಧ್ಯಾಯದಲ್ಲಿ ನಿದ್ದೆ ಬಂತು, ಯಾವುದರಲ್ಲಿ ನಿದ್ದೆ ಹಾರಿತು, ಹದಿನಾಲ್ಕು ವರ್ಷದ ಹುಡುಗಿಯ ಕೈಗೆ ಕೊಡಬಹುದೋ ಬಾರದೋ, ಬೆಲೆ ಎಷ್ಟು, ಪ್ರಕಾಶಕರು ರಾಜ್ಯದ ಹೊರಗೆ ಅಂಚೆಯಲ್ಲಿ ಕಳಿಸುತ್ತಾರೋ ಇಲ್ಲವೋ. ಇಷ್ಟಕ್ಕೆ ನೂರು ಪದ ಧಾರಾಳ. ನಮ್ಮಲ್ಲಿ ಜೂನ್ ಒಂದಕ್ಕೆ ಶಾಲೆ ಶುರು, ವಾಚನಾ ದಿನಕ್ಕೆ ಮತ್ತೆ ಮೂರು ವಾರವೂ ಇರುವುದಿಲ್ಲ. ಡಿಸೆಂಬರಿನಲ್ಲಿ ಬರೆಯಲಾಗದವರು ಮೇ ತಿಂಗಳಲ್ಲಿ ಬರೆದರೂ ನಡೆದೀತು.